ಬಾಗಿಲ ಹಿಂದಿನ ಸುಣ್ಣದ ಬೊಟ್ಟುಗಳು

ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಕೋರಮಂಡಲ್‌ನ ಚಿನ್ನದ ಗಣಿ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ಗೂಡಿನಿಂದ ಅಲಾರಂ ಗಡಿಯಾರವನ್ನು ಇಳಿಸಿ, ನೆಲದ ಮೇಲಿಟ್ಟುಕೊಂಡು, ನಾನು ತಂಗಿ ಸುಧಾಳಿಗೆ ಹೊತ್ತು ನೋಡುವುದನ್ನು ಕಲಿಸುತ್ತಿದ್ದೆ. ನನಗೆ ಹನ್ನೊಂದು ವರ್ಷ, ಅವಳಿಗೆ ಐದು. ಗಣಿಯ ಸೈರನ್ನನ್ನು ನಾವೆಲ್ಲ ಸಂಗು ಎನ್ನುತ್ತಿದ್ದೆವು. ಮೂರು ಗಂಟೆಯ ಸಂಗು ಊದಿ, ಎರಡನೆಯ ಪಾಳಿಯಲ್ಲಿದ್ದ ಅಪ್ಪ ಭೂಮಿಯೊಳಗೆ ಇಳಿದಾಗಿತ್ತು. ಅಮ್ಮ ಹೊಸ್ತಿಲ ಬಳಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಚಿಕ್ಕ ಮುಳ್ಳು ಮೂರರ ಮೇಲೆ, ದೊಡ್ಡ ಮುಳ್ಳು ಎರಡರ ಮೇಲೆ ಇದ್ದರೆ ಎಷ್ಟು ಎಂದು ನಾನು ಕೇಳಿದೆ. ಸುಧಾ ಯೋಚಿಸಿ "ಮೂರು ಎರಡು" ಅಂದಳು. ಅಮ್ಮ ನಗಬೇಕಿತ್ತು, ನಗಲಿಲ್ಲ. ಮೊರ ಜಾರಿ ರಾಗಿಯೆಲ್ಲ ನೆಲಕ್ಕೆ ಚೆಲ್ಲಿತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅವಳು ಬಲಹೆಗಲನ್ನು ಗೋಡೆಗೆ ಒತ್ತಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅತ್ತೆ, ಎಗಲು ಕಿತ್ಕೊಂಡೋಗ್ತೈತೆ," ಅಂದಳು.

ಈಗ ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕೊನೆಯ ತರಗತಿ ಮೂರಕ್ಕೆ ಶುರುವಾಗುತ್ತದೆ. ಮೂರೂ ಹತ್ತರ ಹೊತ್ತಿಗೆ ನನ್ನ ಕಣ್ಣು ತಾನಾಗಿ ಗೋಡೆಯ ಗಡಿಯಾರದ ಕಡೆ ಹೋಗುತ್ತದೆ, ಮಾತು ಒಂದು ಕ್ಷಣ ನಿಲ್ಲುತ್ತದೆ. ಮೇಡಂಗೆ ಪಾಠ ಮರೆತುಹೋಯಿತು ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಮರೆಯುವುದೇ ಆಗಿದ್ದರೆ ಚೆನ್ನಾಗಿತ್ತು. ಆ ಮೂರೂ ಹತ್ತರಿಂದ ನಾಲ್ಕೂ ಮೂವತ್ತೈದರ ತನಕದ ಹೊತ್ತು ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತಿರುತ್ತದೆ. ಅದರಲ್ಲೂ ಕೊನೆಯ ಹದಿನೈದು ನಿಮಿಷ. ಅಮ್ಮನನ್ನು ಉಳಿಸಬಹುದಾದ ಮಾತು ನನ್ನೊಬ್ಬಳಿಗೇ ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದ ಹದಿನೈದು ನಿಮಿಷ.

ನಮ್ಮ ಮನೆಯೆಂದರೆ ಒಂದೇ ಕೋಣೆ. ಅಡುಗೆಯ ಮೂಲೆಗೆ ಮೊಣಕಾಲೆತ್ತರದ ಅಡ್ಡಗೋಡೆ, ಮುಂದೆ ಬಿದಿರಿನ ತಟ್ಟಿ ಕಟ್ಟಿದ ಚಿಕ್ಕ ಜಗಲಿ. ಅಷ್ಟರಲ್ಲೇ ಅಪ್ಪ, ಅಮ್ಮ, ಅಜ್ಜಿ, ನಾನು, ಸುಧಾ. ಅಜ್ಜಿ ಅಪ್ಪನ ತಾಯಿ. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ಹೊಲವನ್ನೂ ಹಸುಗಳನ್ನೂ ದೊಡ್ಡ ಮಗನಿಗೆ ವಹಿಸಿ, ಮೊಮ್ಮಗನನ್ನು ಎತ್ತಿ ಆಡಿಸಲೆಂದು ಬಂದವಳು. ಹುಟ್ಟಿದ್ದು ನಾನಾದ್ದರಿಂದ ವಾಪಸ್ಸು ಹೋಗದೆ ಕಾಯುತ್ತಾ ಉಳಿದವಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತಿತ್ತು, ಮುದ್ದು ಬಂದರೂ ತೆಲುಗೇ, ನಡುವಿನ ವ್ಯವಹಾರಕ್ಕೆಲ್ಲ ಕನ್ನಡ. ಮುದ್ದೆಯ ಪಾತ್ರೆಯ ತಳಕ್ಕೆ ಹತ್ತಿದ ಗರಿಗರಿ ಪದರವನ್ನು ಎಬ್ಬಿಸಿ ನಮ್ಮಿಬ್ಬರಿಗೂ ಸಮವಾಗಿ ಮುರಿದುಕೊಡುತ್ತಿದ್ದಳು. ನನ್ನ ತಲೆ ಬಾಚುವಾಗ ಒಂದು ಕೂದಲು ಕಿತ್ತು ಬಂದರೂ ಹಣಿಗೆಗೆ ಬೈಯುತ್ತಿದ್ದಳು. ಹೆಣ್ಣುಮಕ್ಕಳೆಂದು ನಮ್ಮನ್ನು ಅವಳು ಎಂದೂ ದೂರ ಮಾಡಲಿಲ್ಲ. ಆದರೆ ನಮ್ಮನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಾಗಲೂ ಅವಳ ಕಣ್ಣು ಬಾಗಿಲ ಕಡೆಗಿರುತ್ತಿತ್ತು, ಇನ್ನೂ ಒಬ್ಬ ಬರಬೇಕಿದೆ ಎನ್ನುವ ಹಾಗೆ.

ಮೊಮ್ಮಗ ಹುಟ್ಟುವ ತನಕ ಸಿಹಿ ಮುಟ್ಟುವುದಿಲ್ಲವೆಂದು ಅವಳು ಮನೆದೇವರಿಗೆ ಹರಕೆ ಹೊತ್ತಿದ್ದಳು. ಯುಗಾದಿಯ ದಿನ ಒಬ್ಬಟ್ಟನ್ನು ತಾನೇ ತಟ್ಟಿ, ತಾನೇ ಬೇಯಿಸಿ, ನಮ್ಮ ತಟ್ಟೆಗಳಿಗೆ ತುಪ್ಪ ಸುರಿದು, ತಾನು ಅನ್ನ ಸಾರು ಉಂಡು ಏಳುತ್ತಿದ್ದಳು. ಬೆಳಗ್ಗೆ ನಮಗೆಲ್ಲ ಬೆಲ್ಲದ ಕಾಫಿ. ಅವಳ ಲೋಟದಲ್ಲಿ ಮಾತ್ರ ಕಹಿ. ಮೊದಲ ಗುಟುಕಿಗೆ ಮುಖ ಕಿವಿಚಿಕೊಂಡು ಅಮ್ಮನ ಕಡೆ ನೋಡುತ್ತಿದ್ದಳು. ಅಮ್ಮ ಆ ನೋಟವನ್ನು ತಪ್ಪಿಸಿಕೊಳ್ಳಲು ಒಲೆಯ ಕಡೆ ತಿರುಗಿ, ಉರಿಯುತ್ತಿದ್ದ ಒಲೆಯನ್ನೇ ಊದುತ್ತಿದ್ದಳು.

ತಿಂಗಳಿಗೆ ಮೂರು ದಿನ ಅಮ್ಮ ಹೊರಗೆ ಕೂರಬೇಕಿತ್ತು. ಹೊರಗೆಂದರೆ ಆ ತಟ್ಟಿಯ ಜಗಲಿ, ಒಂದು ಗೋಣಿಚೀಲ, ಒಂದು ಚೊಂಬು. ಅಡುಗೆ ಅಜ್ಜಿಯದು. ನೀರು ಎತ್ತಿ ಹುಯ್ಯುವುದು, ತಟ್ಟೆ ಇಡುವುದು, ಅವಳು ಒಗೆದ ಬಟ್ಟೆ ಹಿತ್ತಲಲ್ಲಿ ಹಳೆ ಸೀರೆಯ ಮರೆಗೆ ಒಣಗಿದೆಯೇ ಎಂದು ನೋಡಿ ತಂದುಕೊಡುವುದು ನನ್ನದು. ನಿಜ ಹೇಳಬೇಕೆಂದರೆ ನನಗೂ ಸುಧಾಳಿಗೂ ಆ ಮೂರು ದಿನ ಹಬ್ಬ. ಕೆಲಸವಿಲ್ಲದ ಅಮ್ಮ ನಮಗೆ ಆಗ ಮಾತ್ರ ಸಿಗುತ್ತಿದ್ದಳು. ದೂರದಿಂದಲೇ ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದಳು, ಮೋಸವನ್ನೂ ಮಾಡುತ್ತಿದ್ದಳು. ನಾಲ್ಕನೆಯ ದಿನ ಅಜ್ಜಿ ಅವಳ ತಲೆಗೆ ನೀರು ಹುಯ್ದು ಒಳಗೆ ಕರೆದು, ಎಲೆಯಡಿಕೆಯ ಸುಣ್ಣದಲ್ಲಿ ಬೆರಳದ್ದಿ, ಬಾಗಿಲ ಹಿಂದೆ ಒಂದು ಬೊಟ್ಟು ಇಡುತ್ತಿದ್ದಳು. ಅಲ್ಲಿಂದ ಅವಳ ಎಣಿಕೆ ಶುರು. ಮುಂದಿನ ತಿಂಗಳು ಒಂದೆರಡು ದಿನ ಹೆಚ್ಚಾದರೆ ಸಾಕು, ಅಜ್ಜಿಯ ನಡಿಗೆ ಹಗುರಾಗುತ್ತಿತ್ತು, ಅಮ್ಮನ ತಟ್ಟೆಗೆ ಒಂದು ಮುಷ್ಟಿ ಸೊಪ್ಪು ಹೆಚ್ಚಿಗೆ ಬೀಳುತ್ತಿತ್ತು. ಆಮೇಲೆ ಅಮ್ಮ ಗೋಣಿಚೀಲ ಹಿಡಿದು ಹೊರಗೆ ಹೋದಾಗ ಅಜ್ಜಿ ತೆಲುಗಿನಲ್ಲಿ ಪಾತ್ರೆಗಳ ಜೊತೆ ಜಗಳವಾಡುತ್ತಿದ್ದಳು.

ಪಕ್ಕದ ಮನೆಯವಳು ಪಾಕ್ಯಕ್ಕ. ತಮಿಳಿನವಳು, ಆಸ್ಪತ್ರೆಯಲ್ಲಿ ಆಯಾ. ಎರಡು ಗಂಡು ಒಂದು ಹೆಣ್ಣು ಹೆತ್ತು ನಿಲ್ಲಿಸಿದವಳು. ಅಜ್ಜಿಗೂ ಅವಳಿಗೂ ತಟ್ಟಿಯ ಮೇಲಿಂದ ದಿನಕ್ಕೊಂದು ಸುತ್ತು ಮಾತು ನಡೆಯದಿದ್ದರೆ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ.

"ಪಾಟಿ, ನಿಮ್ ಮಗ ಭೂಮಿ ಒಳಗಿಂದ ಚಿನ್ನ ತೆಗೀತಾನೆ. ನೀವು ಸೊಸೆ ಒಳಗಿಂದ ಗಂಡು ತೆಗೀಬೇಕು ಅಂತೀರಲ್ಲ. ಅವಳೇನು ಗಣಿನಾ?"

"ಗಣಿ ಅಂದ್ರೆ ನಿನ್ ಬಾಯಿ ಕಣೇ ಪಾಕ್ಯಂ. ಇಳಿದಷ್ಟೂ ತಳ ಸಿಗಾಕಿಲ್ಲ."

"ಮೂರೇ ಪೋದುಂ, ಇನ್ ಬೇಡ ಅಂತ ನಾನೇ ಓಗಿ ಮಾಡ್ಸ್ಕೊಂಡೆ. ನಮ್ ಅತ್ತೆ ಎಂಟ್ ದಿನ ಮಾತಾಡ್ಲಿಲ್ಲ. ಎಂಟ್ ದಿನ ಎಷ್ಟ್ ನೆಮ್ಮದಿ ಗೊತ್ತಾ?"

ಅಮ್ಮ ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಜ್ಜಿಯೂ ಬೆನ್ನು ತಿರುಗಿಸಿ ನಗುತ್ತಿದ್ದಳು. ಅದು ನನ್ನ ಕಡೆಗೆ ಕಾಣುತ್ತಿತ್ತು.

ಆಗ ಕಿವಿಗೆ ಬಿದ್ದ ಮಾತುಗಳನ್ನು ಬಹಳ ವರ್ಷಗಳ ಮೇಲೆ, ಎಂ.ಎ. ಓದುವಾಗ, ನಾನು ಒಂದೊಂದಾಗಿ ತೆಗೆದು ನೋಡಿದೆ. ಪಾಕ್ಯಕ್ಕ "ಕುಡುಂಬ ಕಟ್ಟುಪ್ಪಾಡು ಪಣ್ಣಿಟ್ಟೇನ್" ಅನ್ನುತ್ತಿದ್ದಳು, ಕುಟುಂಬ ಯೋಜನೆ ನಾನೇ ಮಾಡಿಕೊಂಡೆ ಎಂದು ಎದೆ ಮುಟ್ಟಿಕೊಂಡು. ನಮ್ಮ ಲೈನಿನ ಕನ್ನಡದ ಹೆಂಗಸರು "ಆಪರೇಷನ್ ಆಯ್ತು" ಅನ್ನುತ್ತಿದ್ದರು, ಜ್ವರ ಬಂತು ಅನ್ನುವ ಹಾಗೆ. ಅಜ್ಜಿ ತೆಲುಗಿನಲ್ಲಿ "ಆಪರೇಸನ್ ಚೇಸೇಶಾರು" ಅನ್ನುತ್ತಿದ್ದಳು. ಯಾರೋ ಬಂದು ಮಾಡಿಬಿಟ್ಟರು, ಅವಳ ತಪ್ಪಿಲ್ಲ ಎಂದು ಅದರಲ್ಲಿ ಸ್ವಲ್ಪ ಕನಿಕರವೂ ಇರುತ್ತಿತ್ತು. ಸರ್ಕಾರದ ಕನ್ನಡ ಗೋಡೆಯ ಮೇಲೆ ಸಂತಾನಹರಣ ಚಿಕಿತ್ಸೆ ಎಂದು ಬರೆದಿತ್ತು. ಹರಣವೆಂದರೆ ಕದ್ದೊಯ್ಯುವುದೆಂದು ಶಾಲೆಯಲ್ಲಿ ಕಲಿತಿದ್ದ ನಾನು, ಆ ಗೋಡೆಯ ಮುಂದೆ ಹಾದುಹೋಗುವಾಗ ಸುಧಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಇಂಗ್ಲಿಷ್ ಕಲಿತ ನರ್ಸುಗಳು "ಸೇಫ್ಟಿ" ಅನ್ನುತ್ತಿದ್ದರು. ಆ ಮಾತು ನನಗೆ ಗಣಿಯ ಬಾಗಿಲಿನ ಬೋರ್ಡಿನಿಂದ ಪರಿಚಯ. ಅಪ್ಪನ ಟೋಪಿ, ಅಪ್ಪನ ದೀಪ ಸೇಫ್ಟಿ. ಅಪಾಯವಿರುವ ಕಡೆ ದುಡಿಯುವವರಿಗೆ ಕೊಡುವಂಥದ್ದು. ಅಮ್ಮನ ಕೆಲಸದಲ್ಲಿ ಅಂಥ ಅಪಾಯವೇನಿದೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಭಾಷೆಯೊಂದೇ ಎಲ್ಲವನ್ನೂ ಮಾಡುತ್ತದೆ ಎಂದು ನಾನು ಹೇಳಲಾರೆ. ಪಾಕ್ಯಕ್ಕನ ತಮಿಳಿನಲ್ಲೇ ಮಕ್ಕಳಾಗದ ಹೆಂಗಸಿಗೆ ಮಲಡಿ ಎಂಬ ಮಾತಿತ್ತು. ಅಜ್ಜಿಯ ತೆಲುಗಿನಲ್ಲಿ ಗೊಡ್ರಾಲು, ನಮ್ಮ ಕನ್ನಡದಲ್ಲಿ ಬಂಜೆ. ಮೂರನ್ನೂ ಒಂದೇ ಉಸಿರಿನಲ್ಲಿ ಎಸೆಯಬಹುದು. ಮಕ್ಕಳಾಗದವಳಿಗೆ ಮೂರು ಭಾಷೆಗಳೂ ಅಷ್ಟು ಚಿಕ್ಕ, ಅಷ್ಟು ಚೂಪಾದ ಹೆಸರನ್ನು ಇಟ್ಟುಕೊಂಡಿವೆ. ನನಗೆ ಇನ್ನು ಬೇಡ ಎಂದವಳಿಗೆ ಮಾತ್ರ ಕಚೇರಿಯಲ್ಲಿ ಕೂತು ಜೋಡಿಸಿದ ಉದ್ದನೆಯ ಪದಗಳು. ಅವನ್ನು ಆಡಲು ಯಾವ ಹೆಂಗಸಿನ ನಾಲಿಗೆಯೂ ಏಳುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ, ನಲ್ಲಿಯ ಸಾಲಿನಲ್ಲಿ, ಅದಕ್ಕೆ ಇದ್ದ ಹೆಸರು "ಅದು". ಅದು ಹಾಕಿಸ್ಕೊಂಡ್ಯಾ, ಅದು ತೆಗೆಸಿದ್ಯಾ, ಅಷ್ಟೇ.

ಅಮ್ಮ ಅದನ್ನು ಹಾಕಿಸಿಕೊಂಡದ್ದು ನನಗೆ ಎಂಟು ವರ್ಷವಿದ್ದಾಗ. ಸುಧಾ ಹುಟ್ಟುವಾಗ ಎರಡು ದಿನ ನೋವು ತಿಂದಿದ್ದಳು. ಇನ್ನೊಂದು ಸಲ ಆಗುವುದಿಲ್ಲ ಎಂದು ಅಪ್ಪನಿಗೆ ಹೇಳಿದರೆ ಅಪ್ಪ "ಅವ್ವನ್ನ ಕೇಳು" ಎಂದು ಪಾಳಿಗೆ ಹೊರಟುಹೋಗಿದ್ದ. ಬಳೆ ತೊಡಿಸಿಕೊಂಡು ಬರುತ್ತೇವೆಂದು ಅಜ್ಜಿಗೆ ಹೇಳಿ, ಸುಧಾಳನ್ನು ಅವಳ ಬಳಿ ಬಿಟ್ಟು, ಪಾಕ್ಯಕ್ಕ ಅಮ್ಮನನ್ನೂ ನನ್ನನ್ನೂ ಬಂಗಾರಪೇಟೆಯ ರೈಲು ಹತ್ತಿಸಿದಳು. ಕೋರಮಂಡಲ್‌ನಲ್ಲಾದರೆ ಗುರುತಿನವರು ನೋಡುತ್ತಾರೆ. ರೈಲಿನಲ್ಲಿ ಅಮ್ಮ ನನಗೆ ಕಡಲೆಕಾಯಿ ಸುಲಿದುಕೊಟ್ಟಳು, ತಾನು ಒಂದೂ ತಿನ್ನಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಕಾಲಾಡಿಸುತ್ತಾ ಕೂತಿದ್ದೆ. ಎದುರಿನ ಗೋಡೆಯಲ್ಲಿ ಒಂದು ಚಿತ್ರವಿತ್ತು, ಇಂಗ್ಲಿಷಿನ ಟಿ ಅಕ್ಷರದಂಥದ್ದು, ಕೆಳಗೆ ಎರಡು ದಾರ. ಅಮ್ಮ ಹೊರಬಂದಾಗ ಅವಳ ಕೈಯಲ್ಲಿ ಒಂದು ಚೀಟಿ. "ವಂಕಿ" ಎಂದು ಬರೆದಿತ್ತು. ಮಕ್ಕಳಾಗದಂತೆ ಗರ್ಭದೊಳಗೆ ಇಡುವ ಆ ಟಿಗೆ ಆಸ್ಪತ್ರೆಯವರು ಇಟ್ಟ ಹೆಸರು. ಅಜ್ಜಿಯ ತೋಳಿನಲ್ಲಿದ್ದ ಬೆಳ್ಳಿಯ ಆಭರಣಕ್ಕೂ ಅದೇ ಹೆಸರು. ಇಷ್ಟೆಲ್ಲ ಪದಗಳಲ್ಲಿ ಹೆಂಗಸೊಬ್ಬಳು ಇಷ್ಟಪಟ್ಟು ತೊಡಬಹುದಾದದ್ದರ ಹೆಸರು ಅದೊಂದೇ ಎಂದು ಈಗ ಅನ್ನಿಸುತ್ತದೆ. ಪಾಕ್ಯಕ್ಕ ಚೀಟಿಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಆಮೇಲೆ ಅಜ್ಜಿಗೆ ಹೇಳಿದ ಮಾತು ಸುಳ್ಳಾಗಬಾರದೆಂದು ಮೂವರೂ ನಿಜವಾಗಿಯೂ ಬಳೆ ತೊಡಿಸಿಕೊಂಡೆವು. ವಾಪಸ್ಸು ಬರುವಾಗ ಅಮ್ಮ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಇಲ್ಲಿಗೆ ಬಂದಿದ್ದು ಯಾರಿಗೂ ಏಳ್ಬಾರ್ದು. ಏಳಿದ್ರೆ ನನ್ ಮೇಲಾಣೆ."

ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದೆವೋ ಅವರು ಸಾಯುತ್ತಾರೆ. ನಮ್ಮ ಲೈನಿನ ಮಕ್ಕಳಿಗೆಲ್ಲ ಅದು ಮಗ್ಗಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮೂರು ವರ್ಷ ಬಾಯಿ ಬಿಡಲಿಲ್ಲ. ಬಾಗಿಲ ಹಿಂದೆ ಬೊಟ್ಟುಗಳ ಸಾಲು ಬೆಳೆಯುತ್ತಾ ಹೋಯಿತು.

ನಾನು ಹೇಳುತ್ತಿರುವ ಆ ತಿಂಗಳು ಪಾಕ್ಯಕ್ಕ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಕುಪ್ಪಂಗೆ ಹೋಗಿದ್ದಳು. ಅಜ್ಜಿಯ ಎಣಿಕೆಯ ದಿನ ದಾಟಿತು. ಐದು ದಿನ ಕಳೆದರೂ ಅಮ್ಮ ಹೊರಗೆ ಕೂರಲಿಲ್ಲ. ಅಜ್ಜಿ ಬಾಗಿಲ ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಾ ಎಣಿಸಿ, ನನ್ನ ಕೆನ್ನೆ ಹಿಂಡಿ, ಸೋಮವಾರ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗೋಣವೆಂದಳು. ಡಾಕ್ಟರು ನೋಡಿದರೆ ಒಳಗಿರುವುದು ತಿಳಿಯುತ್ತದೆ. ಪಾಕ್ಯಕ್ಕ ಬರುವ ತನಕ ಹೇಗಾದರೂ ದಿನ ತಳ್ಳಬೇಕೆಂದು ಅಮ್ಮ ಲೆಕ್ಕ ಹಾಕಿರಬೇಕು. ಆರನೆಯ ದಿನ ಬೆಳಗ್ಗೆ ಅವಳು ಸುಮ್ಮನೆ ಗೋಣಿಚೀಲ ತೆಗೆದುಕೊಂಡು ಜಗಲಿಗೆ ಹೋಗಿ ಕೂತಳು. ಅಜ್ಜಿಯ ಮುಖ ಬಿದ್ದುಹೋಯಿತು. ಆ ಸಲ ಪಾತ್ರೆಗಳ ಮೇಲೂ ಸಿಟ್ಟು ತೀರಿಸಲಿಲ್ಲ. ನಾನು ನೀರು ಕೊಟ್ಟೆ, ತಟ್ಟೆ ಇಟ್ಟೆ. ಮೊದಲ ದಿನ ಹಿತ್ತಲಲ್ಲಿ ಸೀರೆಯ ಮರೆಗೆ ನೋಡಿದೆ. ಅಲ್ಲಿ ಯಾವ ಬಟ್ಟೆಯೂ ಇರಲಿಲ್ಲ. ಎರಡನೆಯ ದಿನವೂ ಇರಲಿಲ್ಲ. ಬಂದು ಅಮ್ಮನ ಮುಖ ನೋಡಿದೆ. ಅವಳು ಕವಡೆ ಕುಲುಕುತ್ತಾ ನನ್ನನ್ನೇ ನೋಡುತ್ತಿದ್ದಳು. ನನಗೆ ನಾಲ್ಕು ಮನೆ ಬಿಟ್ಟುಕೊಟ್ಟಳು. ಆ ಆಟ ನಾನು ಗೆದ್ದೆ. ನಾಲ್ಕನೆಯ ದಿನ ಅಜ್ಜಿ ನೀರು ಹುಯ್ದಳು, ಬೊಟ್ಟು ಇಟ್ಟಳು. ಅದಾಗಿ ಒಂಬತ್ತನೆಯ ದಿನ ಆ ಗುರುವಾರ.

ಅಜ್ಜಿ ಮೊದಲು ಓಂಕಾಳಿನ ನೀರು ಕುಡಿಸಿದಳು, ಹೆಗಲಿಗೆ ಎಣ್ಣೆ ತಿಕ್ಕಿದಳು. ಅಮ್ಮ ನಿಲ್ಲಲು ಹೋಗಿ ಕುಸಿದಾಗ ಬೀದಿಗೆ ಓಡಿ ಆಟೋ ತಂದಳು. ಸುಧಾಳನ್ನು ಎದುರು ಮನೆಗೆ ತಳ್ಳಿ, ನನ್ನನ್ನು ಕೈಹಿಡಿದು ಹತ್ತಿಸಿಕೊಂಡಳು. ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನವರು, ಕನ್ನಡವನ್ನು ಜಾಗ್ರತೆಯಾಗಿ ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದರು. ನಾಲ್ಕೂ ಇಪ್ಪತ್ತಕ್ಕೆ ಅಮ್ಮನ ಹೊಟ್ಟೆ ಮುಟ್ಟಿ ನೋಡಿ, ನಾಡಿ ಹಿಡಿದು, ಅಜ್ಜಿಯ ಕಡೆ ತಿರುಗಿದರು.

"ಗರ್ಭ ಏನಾದರೂ ಇದೆಯಾ? ಈ ತಿಂಗಳು ಮುಟ್ಟಾಗಿದ್ದಾರಾ?"

"ಒಂಬತ್ ದಿನ ಆಯ್ತು ತಾಯಿ. ನಾನೇ ತಲೆಗೆ ನೀರ್ ಉಯ್ದೆ."

"ಖಚಿತವಾಗಿ ಹೇಳಿ ಅಜ್ಜಿ."

"ನಾಕ್ ವರ್ಸದಿಂದ ಒಂದ್ ತಿಂಗಳೂ ಬಿಟ್ಟಿಲ್ಲ, ಬಾಗ್ಲಲ್ಲಿ ಗುರುತಿಟ್ಟಿದೀನಿ. ಅದೇನಾದ್ರೂ ಇದ್ದಿದ್ರೆ ನಂಗ್ ಗೊತ್ತಾಗ್ತಿರ್ಲಿಲ್ವ?"

ಅಜ್ಜಿ ಒಂದಕ್ಷರ ಸುಳ್ಳು ಹೇಳಲಿಲ್ಲ. ತನ್ನ ಕೈಯಾರೆ ಹುಯ್ದ ನೀರನ್ನು, ತನ್ನ ಬೆರಳಿಂದ ಇಟ್ಟ ಬೊಟ್ಟನ್ನು ಸಾಕ್ಷಿಯಾಗಿ ಕೊಟ್ಟಳು. ಅದನ್ನು ಯಾರು ತಾನೇ ನಂಬದೆ ಇರುತ್ತಾರೆ? ಹಾಗಾದರೆ ಕರುಳಿನ ತೊಂದರೆಯಿರಬೇಕು, ಕೋಲಾರಕ್ಕೆ ಕಳಿಸುವುದು ಒಳ್ಳೆಯದು ಎಂದು ಡಾಕ್ಟರಮ್ಮ ವ್ಯಾನಿಗೆ ಹೇಳಿಕಳಿಸಿದರು. ಅಮ್ಮ ಕಣ್ಣು ಮುಚ್ಚಿದ್ದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಹೇಳಿದರೆ ಆಣೆ ಅವಳನ್ನು ಕೊಲ್ಲುತ್ತದೆ. ಹೇಳದಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ಆದರೆ ಡಾಕ್ಟರಮ್ಮ ಕೇಳಿದ್ದಕ್ಕೆ ಅಜ್ಜಿ ಕೊಟ್ಟ ಉತ್ತರ ತಪ್ಪೆಂದು ಗೊತ್ತಿತ್ತು. ವ್ಯಾನಿನ ಸದ್ದು ಕೇಳಿಸಿತು. ಸ್ಟ್ರೆಚರು ತಂದರು. ನನಗರಿವಿಲ್ಲದೆ ನಾನು ಅಜ್ಜಿಯ ಸೆರಗು ಹಿಡಿದುಕೊಂಡಿದ್ದೆ.

"ಅಜ್ಜಿ, ಒಂದ್ ಮಾತೈತೆ."

"ಏಳು."

"ಏಳಂಗಿಲ್ಲ. ಅಮ್ಮನ್ ಮೇಲೆ ಆಣೆ ಐತೆ."

ಅಜ್ಜಿ ನನ್ನ ಮುಖವನ್ನು ನೋಡಿದಳು. ಏನು ಮಾತು, ಯಾಕೆ ಆಣೆ ಎಂದು ಕೇಳಲಿಲ್ಲ. ಬಾಗಿ, ನನ್ನ ಬಲಗೈ ಹಿಡಿದು ತನ್ನ ನೆರೆತ ತಲೆಯ ಮೇಲೆ ಒತ್ತಿಕೊಂಡಳು.

"ಆ ಆಣೆ ನನ್ ಮೇಲೆ ಆಕ್ಕೊಂಡೆ. ಬರೋದೆಲ್ಲ ನಂಗೇ ಬರ್ಲಿ. ಈಗ ಏಳು."

ಅದು ತನ್ನ ವಿರುದ್ಧವೇ ಬಚ್ಚಿಟ್ಟ ಗುಟ್ಟೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಗೇ ಮಾಡುತ್ತಿದ್ದಳೆಂದು ನಾನು ನಂಬಿದ್ದೇನೆ. ನಾನು ಡಾಕ್ಟರಮ್ಮನ ಮೇಜಿನ ಬಳಿ ಹೋದೆ. ಹೆಸರು ಹೇಳಲು ಬಾಯಿ ತೆರೆದರೆ ಒಂದೂ ಬರಲಿಲ್ಲ. ಮನೆಯಲ್ಲಿ, ನಲ್ಲಿಯಲ್ಲಿ, ರೈಲಿನಲ್ಲಿ ನಾನು ಕೇಳಿದ್ದು "ಅದು" ಮಾತ್ರ. ಚೀಟಿಯ ಮೇಲೆ ನೋಡಿದ್ದ ಆ ಒಂದು ಮಾತೂ ಗಾಬರಿಯಲ್ಲಿ ಹಾರಿಹೋಗಿತ್ತು. ಅವರ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಟಿ ಬರೆದು ಕೆಳಗೆ ಎರಡು ದಾರ ಎಳೆದೆ.

"ಇದು ಅಮ್ಮನ್ ಒಳಗೈತೆ. ಈ ಸಲ ಅಮ್ಮ ಸುಮ್ನೆ ಒರಗೆ ಕೂತಿದ್ರು. ಬಟ್ಟೆ ಒಗೀಲಿಲ್ಲ, ನಾನ್ ನೋಡಿದೀನಿ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದರು. ಮತ್ತೆ ನಡೆದದ್ದೆಲ್ಲ ಬಹಳ ವೇಗ. ಸೂಜಿ ಹಾಕಿ ನೋಡಿದರು. ಒಳಗೆ ರಕ್ತ ತುಂಬಿತ್ತು. ಗರ್ಭ ಕೂರಬಾರದ ಕಡೆ, ನಾಳದಲ್ಲಿ ಕೂತು ಒಡೆದಿದೆ, ವಂಕಿ ಇದ್ದರೂ ಅಪರೂಪಕ್ಕೆ ಹೀಗಾಗುತ್ತದೆ, ಕೋಲಾರದ ದಾರಿಯಲ್ಲಿ ಉಳಿಯುತ್ತಿರಲಿಲ್ಲ, ಇಲ್ಲೇ ಕೊಯ್ಯಬೇಕು ಎಂದರು. ಅಪ್ಪ ಮೇಲೆ ಬರಲು ಪಾಳಿ ಮುಗಿಯಬೇಕು. ಕಾಗದವನ್ನು ಅಜ್ಜಿಯ ಮುಂದೆ ಹಿಡಿದರು.

"ಒಂದು ಕಡೆ ನಾಳ ತೆಗೀಬೇಕು. ಇನ್ನೊಂದನ್ನೂ ಕಟ್ಟಿಬಿಡಲಾ ಅಜ್ಜಿ? ಅವರಿಗೆ ಮಕ್ಕಳು ಬೇಡ ಅಂತ ಕಾಣುತ್ತೆ."

ಅಜ್ಜಿ ಹೆಬ್ಬೆರಳು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು.

"ಅದನ್ನ ನನ್ ಯಾಕ್ ಕೇಳ್ತೀರ? ಅವಳ್ನ ಕೇಳಿ."

"ಅವರಿಗೆ ಈಗ ಮಾತಾಡೋ ಶಕ್ತಿ ಇಲ್ಲ."

"ಅಂಗಾದ್ರೆ ಬುಡಿ. ಜೀವ ಉಳಿಸ್ಕೊಡಿ. ಎದ್ ಮೇಲೆ ಅವಳೇ ಏಳ್ತಾಳೆ."

ಆ ಮಾತನ್ನು ನಾನು ಎಷ್ಟೋ ಸಲ ಹಿಂದೆಮುಂದೆ ತಿರುಗಿಸಿ ನೋಡಿದ್ದೇನೆ. ಅಮ್ಮನ ಮಾತು ಅಮ್ಮನದೇ ಆಗಿರಲಿ ಎಂದಳೋ, ಒಂದು ನಾಳವಾದರೂ ಉಳಿದರೆ ಮೊಮ್ಮಗನ ಆಸೆಯೂ ಉಳಿಯುತ್ತದೆ ಎಂದಳೋ. ಎರಡೂ ಇದ್ದಿರಬಹುದು. ಮನುಷ್ಯರ ಒಳ್ಳೆಯತನದೊಳಗೆ ಸ್ವಲ್ಪ ಸ್ವಾರ್ಥ ಇದ್ದರೆ ಅದು ಒಳ್ಳೆಯತನ ಅಲ್ಲದೆ ಹೋಗುವುದಿಲ್ಲ. ನಮ್ಮ ಲೈನಿನ ನಾಲ್ಕು ಜನ ಬಂದು ರಕ್ತ ಕೊಟ್ಟರು. ಏಳು ಗಂಟೆಗೆ ಡಾಕ್ಟರಮ್ಮ ಹೊರಗೆ ಬಂದು ನನ್ನ ತಲೆ ಸವರಿ, ಅಮ್ಮ ಇದ್ದಾರೆ ಎಂದರು.

ಅಮ್ಮ ಮನೆಗೆ ಬಂದದ್ದು ಹನ್ನೆರಡನೆಯ ದಿನ. ಅಜ್ಜಿ ಅವಳಿಗೆ ಬಾಣಂತಿಗೆ ಮಾಡುವ ಹಾಗೆ ಮಾಡಿದಳು, ಬಿಸಿನೀರು, ಬೆಳ್ಳುಳ್ಳಿ ಸಾರು, ಸಾಂಬ್ರಾಣಿ ಹೊಗೆ. ಮಾತು ಮಾತ್ರ ಆಡುತ್ತಿರಲಿಲ್ಲ. ಮೂರು ವರ್ಷ ತನ್ನ ಕೈಯಲ್ಲಿ ಸುಮ್ಮನೆ ಬೊಟ್ಟು ಇಡಿಸಿದ್ದೇಕೆ ಎಂದು ಕೇಳಲೂ ಇಲ್ಲ. ಅಮ್ಮ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಅಳುತ್ತಿದ್ದಳು, ಅಜ್ಜಿ ತಿಕ್ಕುತ್ತಲೇ ಇರುತ್ತಿದ್ದಳು. ಆ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಮಲಗಲಿಲ್ಲ. ಅಜ್ಜಿ ಗಳಿಗೆಗೊಮ್ಮೆ ಎದ್ದು ಅಮ್ಮನ ಮೂಗಿನ ಹತ್ತಿರ ಬೆರಳಿಡುತ್ತಿದ್ದಳು. ಅಜ್ಜಿ ಮಲಗಿದ ಮೇಲೆ ನಾನು ಎದ್ದು ಅಜ್ಜಿಯ ಮೂಗಿನ ಹತ್ತಿರ ಬೆರಳಿಡುತ್ತಿದ್ದೆ. ಆಣೆಯನ್ನು ಅವಳು ತನ್ನ ಮೇಲೆ ಹಾಕಿಕೊಂಡಿದ್ದಳಲ್ಲ. ಅದು ಯಾವತ್ತು ಬರುತ್ತದೋ ಎಂದು ನಾನು ಕಾಯುತ್ತಿದ್ದೆ.

ಅಮ್ಮ ಎದ್ದು ಓಡಾಡತೊಡಗಿದ ಮೇಲೆ, ಒಂದು ಶುಕ್ರವಾರ ಬೆಳಗ್ಗೆ, ಪಾಕ್ಯಕ್ಕ ಕುಪ್ಪಂನಿಂದ ಬಂದು ನೇರವಾಗಿ ನಮ್ಮ ಮನೆಗೆ ನುಗ್ಗಿದಳು. ಅಮ್ಮನನ್ನು ತಬ್ಬಿಕೊಂಡು, ಎಲ್ಲ ತನ್ನಿಂದಲೇ ಆಯಿತೆಂದು ತಮಿಳಿನಲ್ಲಿ ಗೋಳಾಡಿದಳು. ಅಜ್ಜಿ ಒಲೆಯ ಮುಂದಿನಿಂದ ಏಳಲಿಲ್ಲ.

"ಅತ್ತಿದ್ ಸಾಕು ಕಣೇ ಪಾಕ್ಯಂ. ಕಾಪಿ ಕುಡಿ. ಇನ್ನೊಂದ್ ಸಲ ನನ್ ಸೊಸೇನ ಬಳೆ ತೊಡಿಸೋಕೆ ಕರ್ಕೊಂಡೋಗೋದಾದ್ರೆ ನಂಗೂ ಏಳು. ನಂಗೇನು ಕೈ ಇಲ್ವ?"

ಪಾಕ್ಯಕ್ಕ ಕಣ್ಣೊರೆಸಿಕೊಂಡು ಕಾಫಿಯ ಲೋಟ ಎತ್ತಿಕೊಂಡಳು. ಅಜ್ಜಿ ಅಮ್ಮನ ಕಡೆ ತಿರುಗಿದಳು. ಅವತ್ತು ಡಾಕ್ಟರಮ್ಮ ಕೇಳಿದ್ದನ್ನು ಅವಳು ಇಷ್ಟು ದಿನ ಒಳಗೆ ಇಟ್ಟುಕೊಂಡಿದ್ದಳು.

"ರತ್ನ, ಸಾಕಾ?"

ಅಮ್ಮ ತಲೆ ತಗ್ಗಿಸಿದ್ದವಳು ಎತ್ತಿದಳು.

"ಸಾಕತ್ತೆ."

ಕಳೆದ ವರ್ಷ ಆಶಾ ಕಾರ್ಯಕರ್ತೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಳ್ಳಿಯ ಹೆಂಗಸರಿಗಾಗಿ ಬರೆದ ಕರಪತ್ರ ತಂದು, ತಿದ್ದಿಕೊಡಿ ಮೇಡಂ ಅಂದಳು. ಅದರ ತಲೆಬರಹದಲ್ಲಿದ್ದ ಹರಣವನ್ನು ಹೊಡೆದುಹಾಕಿ, ಏನು ಬರೆಯುವುದೆಂದು ತಿಳಿಯದೆ ಬಹಳ ಹೊತ್ತು ಕೂತಿದ್ದೆ. ಕೊನೆಗೆ ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೇಳಿದೆ. ಅವಳು ಸಾರಿನ ಸೌಟು ಎತ್ತಿ ಹಿಡಿದು, "ಸಾಕು ಅಂತ ಬರಿ, ಎಲ್ಲಾರ್ಗೂ ತಿಳೀತದೆ," ಅಂದಳು.

ಆ ಶುಕ್ರವಾರ ಅಮ್ಮನ ಉತ್ತರ ಕೇಳಿ ಅಜ್ಜಿ ಒಲೆಯ ಮುಂದಿನಿಂದ ಎದ್ದಳು. ಆಮೇಲೆ ಮಸಿಬಟ್ಟೆಯನ್ನು ನೀರಿಗೆ ಅದ್ದಿ, ಬಾಗಿಲ ಹಿಂದೆ ಹೋಗಿ ಒರೆಸತೊಡಗಿದಳು. ಹಳೆ ಸುಣ್ಣ ಪೂರ್ತಿ ಹೋಗಲಿಲ್ಲ. ಆ ಮನೆ ಬಿಡುವ ತನಕವೂ ಅಲ್ಲಿ ಮಸುಕು ಮಸುಕಾದ ಗುರುತುಗಳಿದ್ದವು. ವಾಪಸ್ಸು ಬಂದು ಕೂತು ತನ್ನ ಲೋಟವನ್ನು ಅಮ್ಮನ ಮುಂದೆ ತಳ್ಳಿದಳು.

"ನನ್ ಕಾಪೀಗೂ ಒಂದ್ ಚೂರ್ ಬೆಲ್ಲ ಆಕು."

ಅಮ್ಮ ಡಬ್ಬಿ ತೆರೆದು ದೊಡ್ಡದೊಂದು ತುಂಡು ಬೆಲ್ಲ ಹಾಕಿದಳು. ಅಜ್ಜಿ ಒಂದು ಗುಟುಕು ಕುಡಿದು, ಬಾಯೊಳಗೇ ಇಟ್ಟುಕೊಂಡು, ಹನ್ನೊಂದು ವರ್ಷದ ಮೇಲೆ ಸಿಕ್ಕ ರುಚಿಯನ್ನು ನಿಧಾನವಾಗಿ ನುಂಗಿದಳು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ದೇವರ ಅರಕೆ ಮುರಿದ್ರೆ ಏನಾಗಲ್ವಾ? ನಾನೂ ಆಣೆ ಮುರಿದಿದೀನಿ. ಅದೂ ನಿನ್ ಮೇಲೇ ಐತೆ."

ಅವಳು ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ನಾನು ರಾತ್ರಿಗಳಲ್ಲಿ ಯಾಕೆ ಅವಳ ಮೂಗಿನ ಹತ್ತಿರ ಬೆರಳಿಡುತ್ತಿದ್ದೆನೆಂದು ಅವಳಿಗೆ ಆಗ ತಿಳಿದಿರಬೇಕು.

"ನಿಂದೊಂದು, ನಂದೊಂದು. ಇಬ್ರೂ ಮುರ್ದಿದೀವಿ. ಇಬ್ರುನ್ನೂ ಒಂದೇ ಸಲ ಕೇಳೋಕೆ ಬರ್ಲಿ ಬುಡು ಆ ದೇವ್ರು, ನಾನ್ ಮಾತಾಡ್ತೀನಿ. ಕುಡಿ."

ಅವಳ ಲೋಟದಲ್ಲಿ ಉಳಿದದ್ದನ್ನು ನಾನು ಕುಡಿದೆ. ಬೆಲ್ಲ ತಳದಲ್ಲಿ ದಪ್ಪಗೆ ಕೂತಿತ್ತು. ಆ ರಾತ್ರಿ ಅಜ್ಜಿ ಬೆರಳಿಡಲು ಏಳಲಿಲ್ಲ, ನಾನೂ ಏಳಲಿಲ್ಲ. ಕಣ್ಣು ಬಿಟ್ಟಾಗ ಬೆಳಗಿನ ಪಾಳಿಯ ಮೊದಲ ಸಂಗು ಊದುತ್ತಿತ್ತು, ಬಿಸಿಲು ತಟ್ಟಿಯ ಸಂದಿಯಿಂದ ಒಳಗೆ ಬಂದಿತ್ತು, ಅಪ್ಪ ಒಬ್ಬನೇ ಎದ್ದು ತನ್ನ ಬುತ್ತಿ ತಾನೇ ಕಟ್ಟಿಕೊಳ್ಳುತ್ತಿದ್ದ. ಅಮ್ಮ, ಅಜ್ಜಿ, ಸುಧಾ ಮೂವರೂ ಇನ್ನೂ ಮಲಗಿದ್ದರು. ಅಜ್ಜಿಯ ಗೊರಕೆ ಕೇಳಿಸುತ್ತಿತ್ತು. ನಾನು ಮತ್ತೆ ಹೊದ್ದುಕೊಂಡೆ.